ಸವತಿ ಬಿಲ್ಲೆಯ ಬೆನ್ನು

ಎಲ್ಲಮ್ಮನವರ ಹಸು ಅವತ್ತು ಒದೆಯದೇ ಇದ್ದಿದ್ದರೆ ನನಗೆ ಈ ತಲೆನೋವು ಗಂಟು ಬೀಳುತ್ತಲೇ ಇರಲಿಲ್ಲ. ನಾನು ಪಶು ಇಲಾಖೆಯ ಇನ್‌ಸ್ಪೆಕ್ಟರ್, ಹೆಸರು ವೇಣುಗೋಪಾಲ್. ಮಾಸ್ತಿ ಹೋಬಳಿಯ ಜನರ ಬಾಯಲ್ಲಿ ದನದ ಡಾಕ್ಟರು. ಮಾಸ್ತಿಯಿಂದ ಟೇಕಲ್ ಕಡೆಗೆ ಹೋಗುವ ದಾರಿಯಲ್ಲಿ, ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡ ಮನೆ ಅವರದು. ಹಸುವಿಗೆ ಇಂಜೆಕ್ಷನ್ ಕೊಡಿಸಬೇಕು ಎಂದು ಫೋನ್ ಬಂದಿತ್ತು. ಹಸುವಿಗೆ ಬಸಿರು ಕಟ್ಟಿಸುವುದನ್ನು ನಮ್ಮ ಕಡೆ ಮರ್ಯಾದೆಯಾಗಿ ಹಾಗೆ ಹೇಳುತ್ತಾರೆ. ನಾನು ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಏರಿಸಿಕೊಂಡು ಹಿಂದೆ ನಿಂತಿದ್ದೆ. ಎಪ್ಪತ್ತು ದಾಟಿದ ಎಲ್ಲಮ್ಮ ಬಾಲ ಹಿಡಿದು ಬಗ್ಗಿದ್ದರು. ಹಸು ಒದ್ದಿತು. ಅವರು ನನ್ನ ಕಡೆಗೆ ಜಿಗಿದರು. ಸೆರಗಿನೊಳಗಿದ್ದ ಕರಿಮಣಿ ದಾರ ಆಚೆ ಬಂತು, ಅದರ ತುದಿಯ ಚಿನ್ನದ ಬಿಲ್ಲೆ ನನ್ನ ಮೂಗಿನ ಮುಂದೆಯೇ ಒಂದು ಸಲ ಮಗುಚಿಕೊಂಡಿತು.

ಮುಂಬದಿಯಲ್ಲಿ ಮೊಟ್ಟೆಯಾಕಾರದ ಚೌಕಟ್ಟು, ಸುತ್ತ ನಕ್ಷತ್ರದ ಚುಕ್ಕೆಗಳು, ನಡುವೆ ಉದ್ದ ಬಟ್ಟೆಯುಟ್ಟು ನಿಂತ ಒಂದು ಆಕೃತಿ. ಹಿಂಬದಿಯಲ್ಲಿ ಬಾವುಟದ ಕಂಬ, ಅದರ ಒಂದು ಪಕ್ಕ ನಿಂತವನೊಬ್ಬ, ಇನ್ನೊಂದು ಪಕ್ಕ ಮೊಣಕಾಲೂರಿದವನೊಬ್ಬ. ಮೊಣಕಾಲೂರಿದವನ ಬೆನ್ನ ಹಿಂದೆ ಇಂಗ್ಲಿಷಿನಂಥ ಐದು ಅಕ್ಷರ. ಎಮ್, ಎ, ಆರ್, ಐ, ಎನ್. ಮರಿನ್. ಆರನೆಯ ಅಕ್ಷರದಿಂದ ಮುಂದಕ್ಕೆಲ್ಲ ಕೊಂಡಿಯ ಬೆಸುಗೆ ಹರಡಿಕೊಂಡು ಕೂತಿತ್ತು. ಅಷ್ಟರಲ್ಲಿ ಬಿಲ್ಲೆ ವಾಪಸು ಮಗುಚಿ ಅವರ ಎದೆಗೆ ಅಂಟಿತು, ಅವರು ಸೆರಗು ಹೊದ್ದರು. ನಾನು ಯಾವ ಕೆಲಸಕ್ಕೆ ಬಂದಿದ್ದೆ ಎನ್ನುವುದು ಅರ್ಧ ನಿಮಿಷ ಮರೆತೇ ಹೋಯಿತು.

ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಹುಚ್ಚ ಎಂದುಕೊಳ್ಳುತ್ತೀರಿ. ನನ್ನ ಹೆಂಡತಿ ಅನಿತ ಬಿಡಿಸಿ ಹೇಳಿದ ಮೇಲೂ ಹಾಗೇ ಅಂದುಕೊಂಡಿದ್ದಾಳೆ, ಆ ಮಾತು ಬೇರೆ. ನಾನು ಕೂಡಿಡುವುದು ವೆನಿಸ್ ಎಂಬ ಇಟಲಿಯ ಊರಿನ ಚಿನ್ನದ ನಾಣ್ಯ. ಡುಕಾಟ್ ಎಂದು ಹೆಸರು. ಹಿಂದಿನ ಕಾಲದಲ್ಲಿ ಮೆಣಸು, ಬಟ್ಟೆ ಕೊಳ್ಳಲು ಬಂದವರ ಕೈಯಿಂದ ನಮ್ಮ ದೇಶಕ್ಕೆ ಬಂದು, ವಾಪಸು ಹೋಗದೆ ನಮ್ಮ ಹೆಂಗಸರ ಕೊರಳಲ್ಲಿ ಉಳಿದುಬಿಟ್ಟವು. ಮೇಲೆ ಗೊಂಬೆ ಇರುವುದರಿಂದ ಪುತ್ಥಳಿ ಎಂದು ಕರೆದರು. ಇಲ್ಲಿನ ಅಕ್ಕಸಾಲಿಗರು ಅದನ್ನೇ ನೋಡಿ ನಕಲು ಮಾಡಿದರು. ನಕಲಿನಲ್ಲಿ ಗೊಂಬೆ ಸರಿಯಾಗಿಯೇ ಇರುತ್ತದೆ, ಅಕ್ಷರ ಮಾತ್ರ ಬರೀ ಕಡ್ಡಿ ಮತ್ತು ಸೊನ್ನೆ. ಇಪ್ಪತ್ತಾರು ವರ್ಷ ಮುಳಬಾಗಿಲು, ಶ್ರೀನಿವಾಸಪುರ, ಕೋಲಾರದ ಒಡವೆ ಅಂಗಡಿಗಳನ್ನೆಲ್ಲ ಅಲೆದು ನಾನು ಸಂಪಾದಿಸಿದ್ದು ಹನ್ನೊಂದು. ಅದರಲ್ಲಿ ಏಳು ಕಡ್ಡಿ ಸೊನ್ನೆ. ಉಳಿದ ನಾಲ್ಕು ಅಸಲಿ, ಆದರೆ ಈಚಿನ ಕಾಲದವು, ಹೇಳಿಕೊಳ್ಳುವಂಥದ್ದೇನಲ್ಲ.

"ಚಿನ್ನದ ಗಣಿ ಪಕ್ಕದಲ್ಲಿಟ್ಕೊಂಡು ಇಟಲಿ ಚಿನ್ನ ಹುಡುಕೋ ಗಂಡಸು ಇಡೀ ಕೋಲಾರ ಜಿಲ್ಲೇಲಿ ನೀವೊಬ್ರೇ," ಎಂದು ಅನಿತ ನೆಂಟರ ಮುಂದೆಲ್ಲ ಹೇಳುತ್ತಾಳೆ. ನೆಂಟರು ನಗುತ್ತಾರೆ. ನಾನೂ ನಗಬೇಕಾಗುತ್ತದೆ.

ಈಗ ಆ ಮರಿನ್ ವಿಚಾರ. ನಾಣ್ಯದಲ್ಲಿ ಮೊಣಕಾಲೂರಿದವನು ಆಗಿನ ದೊರೆ, ಬೆನ್ನ ಹಿಂದಿನ ಅಕ್ಷರ ಅವನ ಹೆಸರು. ಮರಿನ್ ಫಲಿಯೆರೊ ಎಂಬವನು ೧೩೫೪ರಲ್ಲಿ ವೆನಿಸ್‌ಗೆ ದೊರೆಯಂಥವನಾದ. ಏಳೇ ತಿಂಗಳಲ್ಲಿ ತನ್ನ ಸರ್ಕಾರದ ಮೇಲೇ ಸಂಚು ಹೂಡಿ, ಸಿಕ್ಕಿಬಿದ್ದು, ತಲೆ ಕಡಿಸಿಕೊಂಡ. ಏಳು ತಿಂಗಳಲ್ಲಿ ಎಷ್ಟು ನಾಣ್ಯ ಬಂದೀತು? ಅವನ ಡುಕಾಟ್ ಒಂದನ್ನು ಕೈಯಲ್ಲಿ ಹಿಡಿದರೆ ನನ್ನ ಇಪ್ಪತ್ತಾರು ವರ್ಷದ ಅಲೆದಾಟಕ್ಕೆ ಒಂದು ಅರ್ಥ ಬರುತ್ತಿತ್ತು. ಆದರೆ ಇನ್ನೊಬ್ಬ ಮರಿನ್ ಇದ್ದಾನೆ, ಗ್ರಿಮಾನಿ ಎಂದು, ಇನ್ನೂರ ನಲವತ್ತು ವರ್ಷ ಆಮೇಲಿನವನು. ಅವನದು ಬೇಕಾದಷ್ಟು ಸಿಗುತ್ತದೆ. ಗೊಂಬೆಯ ಕೆತ್ತನೆ ನೋಡಿ ಹೇಳೋಣವೆಂದರೆ ಎಲ್ಲಮ್ಮನವರ ಬಿಲ್ಲೆಯಲ್ಲಿ ಗೊಂಬೆ ಬೆವರಿಗೆ, ಅರಿಶಿನಕ್ಕೆ ಸವೆದು ನುಣ್ಣಗಾಗಿತ್ತು. ಬೆಸುಗೆಯ ಅಡಿಯಲ್ಲಿ ಎಫ್ ಇದೆಯೋ ಜಿ ಇದೆಯೋ, ಅಷ್ಟು ಗೊತ್ತಾದರೆ ಸಾಕಿತ್ತು.

ಅದು ಸುಲಭ ಎಂದುಕೊಂಡೆ. ಮಾರನೆಯ ವಾರ ಹಸು ನೋಡುವ ನೆಪ ಮಾಡಿ ಹೋದೆ.

"ಎಲ್ಲಮ್ಮ, ನಿಮ್ಮ ಕೊರಳಲ್ಲಿರೋ ಬಿಲ್ಲೆ ಒಂದು ನಿಮಿಷ ತೆಗೆದುಕೊಡ್ತೀರಾ, ನೋಡಿ ಕೊಡ್ತೀನಿ."

ಎಲ್ಲಮ್ಮ ಸೆರಗನ್ನು ಇನ್ನೂ ಬಿಗಿ ಮಾಡಿಕೊಂಡರು. "ಅಯ್ಯೋ ನಾ ತಲ್ಲಿ, ತೆಗಿಯಂಗಿಲ್ಲ ಸಾಮಿ. ಇದು ನಮ್ಮಕ್ಕ."

ನನಗೆ ಅರ್ಥವಾಗಲಿಲ್ಲ. ಮೇವು ಕತ್ತರಿಸುತ್ತಿದ್ದ ಮಗ ಅಂಜಿ ಅಲ್ಲಿಂದಲೇ ಹೇಳಿದ. ಅವನಿಗೂ ನಲವತ್ತೈದು ಆಗಿರಬೇಕು. "ಸವತಿ ಬಿಲ್ಲೆ ಸಾರ್ ಅದು. ನಮ್ಮಪ್ಪನ ಮೊದಲ್ನೇ ಹೆಂಡ್ತಿ, ಆದಿಲಕ್ಷ್ಮಿ ಅಂತ. ಹೆರಿಗೇಲಿ ಹೋಗ್ಬಿಟ್ರು. ಆಮೇಲೆ ನಮ್ಮಮ್ಮನ್ನ ಮದುವೆಯಾಗಿದ್ದು."

ಸತ್ತ ಮೊದಲ ಹೆಂಡತಿಯ ರೂಪವನ್ನು ಚಿನ್ನದ ಬಿಲ್ಲೆಯ ಮೇಲೆ ಮೂಡಿಸಿ, ಎರಡನೆಯವಳು ಅದನ್ನು ತಾಳಿಯ ಜೊತೆ ಕಟ್ಟಿಕೊಳ್ಳುವ ಪದ್ಧತಿ ನಮ್ಮಲ್ಲಿ ಇತ್ತು. ಹಾಗೆ ಮಾಡದಿದ್ದರೆ ಹೋದವಳು ಬಂದು ಕಾಡುತ್ತಾಳೆ ಎಂಬ ಭಯ. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ತೋರಿಸಿ ಉಡಬೇಕು, ಹಬ್ಬದ ದಿನ ಮೊದಲ ತುತ್ತು ಅವಳ ಹೆಸರಿಗೆ ತೆಗೆದಿಡಬೇಕು. ಎಲ್ಲಮ್ಮನವರ ಮದುವೆಯ ಹೊತ್ತಿಗೆ ಅವರ ಅತ್ತೆ ಬಿಲ್ಲೆ ಮಾಡಿಸಲು ಆಚಾರಿಯ ಹತ್ತಿರ ಹೋಗಲಿಲ್ಲವಂತೆ. ತಮ್ಮ ಹಳೆಯ ಪುತ್ಥಳಿ ಸರದಿಂದ ಒಂದನ್ನು ಬಿಚ್ಚಿ, ಇದರಲ್ಲೇ ಒಬ್ಬಳು ಹೆಂಗಸು ನಿಂತಿದ್ದಾಳಲ್ಲ, ಇದೇ ಆದಿಲಕ್ಷ್ಮಿ ಎಂದುಬಿಟ್ಟರಂತೆ. ಅತ್ತೆ ಹೆಂಗಸು ಎಂದದ್ದು ನಕ್ಷತ್ರಗಳ ನಡುವೆ ನಿಂತ ಯೇಸುಸ್ವಾಮಿಯನ್ನು.

ನನಗೆ ಒಳಗೊಳಗೇ ನಗು ಬಂತು. ಆದರೆ ಅದನ್ನು ಅಕ್ಕ ಮಾಡಿದ ಆ ಅತ್ತೆಯನ್ನು, ಕೊಂಡಿಯ ಬೆಸುಗೆಯನ್ನು ಸರಿಯಾಗಿ ಹೆಸರಿನ ಮೇಲೇ ಸುರಿದ ಯಾರೋ ಪುಣ್ಯಾತ್ಮನನ್ನು ಮನಸ್ಸಿನಲ್ಲಿ ಚೆನ್ನಾಗಿ ಬೈದೆ.

"ತೆಗೀಬೇಡಿ, ಕೊರಳಲ್ಲೇ ಇರಲಿ. ಹಿಂದಗಡೆ ಸ್ವಲ್ಪ ತಿರುಗಿಸಿ ತೋರಿಸಿ," ಎಂದೆ.

"ತಿರುಗ್ಸಂಗಿಲ್ಲ. ಅಕ್ಕನ ಮುಖ ನನ್ನ ಎದೆ ಕಡೀಕೆ ಆಗ್ಬಿಡ್ತದೆ. ಉಸ್ರು ಕಟ್ತದೆ ಅವಳ್ಗೆ."

"ಒಂದೇ ನಿಮಿಷ."

"ನೀವು ಒಂದು ನಿಮಿಷ ಉಸ್ರು ಬಿಗಿಹಿಡ್ದು ನಿಂತ್ಕಳಿ ನೋಡಾನ."

ನಾನು ಹಸುವಿಗೆ ಬೇಡದ ಒಂದು ವಿಟಮಿನ್ ಚೀಟಿ ಬರೆದುಕೊಟ್ಟು ಬಂದೆ.

ಆಮೇಲಿನ ಐದು ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ಆ ಮನೆಯ ಹಸು ನಾಲ್ಕು ಸಲ ಇಂಜೆಕ್ಷನ್ ಕೊಟ್ಟರೂ ಕಟ್ಟಲಿಲ್ಲ, ಅದೊಂದೇ ನನ್ನ ಅದೃಷ್ಟ. ಹೋಗಲು ನೆಪ ಸಿಗುತ್ತಿತ್ತು. ಎಲ್ಲಮ್ಮ ಬಗ್ಗಿದಾಗ ಮೊಬೈಲಿನಲ್ಲಿ ಫೋಟೋ ಹೊಡೆಯಲು ನೋಡಿದೆ. ಹಸುವಿನ ಬಾಲ ಮತ್ತು ನನ್ನ ಹೆಬ್ಬೆರಳು ಬಂದವು. ಇನ್ನೊಂದು ಸಲ ಕನ್ನಡಕ ಬಿದ್ದುಹೋಯಿತು ಎಂದು ಸುಳ್ಳು ಹೇಳಿ ನೆಲದಲ್ಲಿ ಕೂತು ಕೆಳಗಿನಿಂದ ಇಣುಕಿದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಅಂಜಿ ಅದನ್ನು ನೋಡಿದ, ಆಮೇಲಿಂದ ನಾನು ಹೋದಾಗಲೆಲ್ಲ ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲತೊಡಗಿದ. ಐವತ್ತೆರಡು ವರ್ಷದ ಸರ್ಕಾರಿ ನೌಕರನಿಗೆ ಇದಕ್ಕಿಂತ ಅವಮಾನ ಬೇಕೆ?

ಕೊನೆಗೆ ಅಂಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಬಿಲ್ಲೆಯ ಬದಲು ಅದರ ಎರಡರಷ್ಟು ತೂಕದ ಹೊಸ ಬಿಲ್ಲೆ, ಬೇಕಾದ ಗೊಂಬೆ ಹಾಕಿಸಿ ಕೊಡುತ್ತೇನೆ ಎಂದೆ. ಅವನು ಒಪ್ಪಿದ. ಅವನ ಅಪ್ಪ ವೆಂಕಟರಮಣಪ್ಪ ಜಗಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಎಂಬತ್ತೆರಡು ವರ್ಷ, ಕಿವಿ ಅರ್ಧ. ಅವರೂ ತಲೆಯಾಡಿಸಿದರು. ಎಲ್ಲಮ್ಮ ಮಾತ್ರ ಒಳಗಿನಿಂದಲೇ, "ಅಕ್ಕನ್ನ ಕೇಳಿ ಹೇಳ್ತೀನಿ," ಎಂದರು.

ಎರಡು ವಾರ ಬಿಟ್ಟು ಹೋದೆ. ಏಪ್ರಿಲ್ ತಿಂಗಳು, ಗಾಡಿಯ ಸೀಟು ಮುಟ್ಟಲಾಗುತ್ತಿರಲಿಲ್ಲ. ಲಕ್ಕೂರಿನಲ್ಲಿ ಒಂದು ಎಮ್ಮೆ ಕಷ್ಟದ ಹೆರಿಗೆಯಾಗಿ ಕೈಯಲ್ಲೇ ಸತ್ತಿತ್ತು. ಊಟ ಆಗಿರಲಿಲ್ಲ. ಎಲ್ಲಮ್ಮ ರಾಗಿ ಕೇರುತ್ತಾ ಕೂತಿದ್ದರು.

"ಏನಂದ್ರು ನಿಮ್ಮಕ್ಕ?" ಎಂದೆ.

"ಬ್ಯಾಡ ಅಂದ್ಲು."

"ಹೇಗೆ ಅಂದ್ರು?"

"ಕನಸ್ಗೆ ಬಂದ್ಲು. ನನ್ನನ್ನ ಯಾರ ಕೈಗೆ ಕೊಡ್ತೀಯೇ ಅಂದ್ಲು. ಹಸ ಕಟ್ದೆ ಇರೋದು ಅದ್ಕೇ ಸಾಮಿ, ಅವಳ್ಗೆ ಕೋಪ ಬಂದೈತೆ."

ಹಸು ಕಟ್ಟದೆ ಇದ್ದದ್ದು ಮೇವಿನಲ್ಲಿ ಖನಿಜಾಂಶ ಇಲ್ಲದ್ದಕ್ಕೆ. ನಾಲ್ಕು ಸಲ ಚೀಟಿ ಬರೆದುಕೊಟ್ಟಿದ್ದೆ, ಒಂದು ಸಲವೂ ತಂದು ಹಾಕಿರಲಿಲ್ಲ. ಅದನ್ನೂ ಈಗ ನನ್ನ ಡುಕಾಟ್‌ನ ಮೇಲೆ ಹೊರಿಸಿದರು. ಐದು ತಿಂಗಳು ಕಟ್ಟಿಟ್ಟಿದ್ದ ಸಿಟ್ಟು ನೆತ್ತಿಗೇರಿತು.

"ಎಲ್ಲಮ್ಮ, ಅದು ನಿಮ್ಮ ಅಕ್ಕ ಅಲ್ಲ," ಎಂದೆ. "ಹೆಂಗಸೇ ಅಲ್ಲ. ಗಂಡಸು ಅದು. ಕ್ರಿಶ್ಚಿಯನ್ನರ ದೇವರು. ಹಿಂದಗಡೆ ಇರೋರೂ ಗಂಡಸರೇ. ಇಟಲಿ ಅಂತ ಒಂದು ದೇಶ ಇದೆ, ಅಲ್ಲಿನ ದುಡ್ಡು. ನಮ್ಮ ರೂಪಾಯಿ ಇದ್ದ ಹಾಗೆ ಅಂಗಡೀಲಿ ಕೊಟ್ಟು ಸಾಮಾನು ತರ್ತಿದ್ರು. ನಿಮ್ಮತ್ತೆಗೆ ಗೊತ್ತಿಲ್ಲದೆ ಕಟ್ಟಿಬಿಟ್ಟಿದಾರೆ."

ಮೊಬೈಲ್ ತೆಗೆದು ಅಂಥವೇ ಇಪ್ಪತ್ತು ನಾಣ್ಯಗಳ ಚಿತ್ರ ತೋರಿಸಿದೆ. ಒಂದಾದ ಮೇಲೊಂದು ಬೆರಳಿನಿಂದ ಸರಿಸುತ್ತಾ ಹೋದೆ. ಎಲ್ಲದರಲ್ಲೂ ಅದೇ ನಕ್ಷತ್ರ, ಅದೇ ಉದ್ದ ಬಟ್ಟೆ, ಅದೇ ಆಕೃತಿ. ಅವರು ಮೊರ ಕೆಳಗಿಟ್ಟು ಒಂದೊಂದನ್ನೂ ನೋಡಿದರು. ಚಿತ್ರ ನೋಡುವುದು ಮುಗಿದ ಮೇಲೆ ಸೆರಗಿನ ಮೇಲಿಂದಲೇ ಬಿಲ್ಲೆಯನ್ನು ಮುಟ್ಟಿಕೊಂಡರು.

"ಅಂಗಾದ್ರೆ ನಮ್ಮಕ್ಕ ಐವತ್ತೊಂದು ವರ್ಸದಿಂದ ಎಲ್ಲಿದ್ಲು ಸಾಮಿ?" ಎಂದು ಕೇಳಿದರು.

ಅವರು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ನಿಜವಾಗಿಯೂ ತಿಳಿಯಬೇಕು ಎಂದೇ ಕೇಳಿದ್ದರು. ನಾನು ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತಿದೆ.

ಮನೆಯಲ್ಲಿ ಅನಿತಳಿಗೆ ಎಲ್ಲ ಹೇಳಿದೆ. ಅವಳು ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತಳು.

"ಆ ವಯಸ್ಸಿನೋರ ಹತ್ರ ಹೋಗಿ ಹಂಗಂದ್ರಾ?"

"ನಿಜ ಹೇಳಿದೆ."

"ಯಾರಿಗೆ ಬೇಕಿತ್ತು ನಿಮ್ಮ ನಿಜ? ಅವರಿಗೆ ಬೇಕಿತ್ತಾ, ನಿಮಗೆ ಬೇಕಿತ್ತಾ?"

ನನಗೇ ಬೇಕಿತ್ತು. ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇನ್ನೂ ನಾಚಿಕೆಗೇಡಿನ ಮಾತು ಹೇಳುತ್ತೇನೆ: ಆ ರಾತ್ರಿ ಕಸಿವಿಸಿ ಕಳೆದ ಮೇಲೆ ನನಗೆ ಆಸೆ ಹುಟ್ಟಿತು. ಅದು ಅಕ್ಕ ಅಲ್ಲ ಎಂದ ಮೇಲೆ ಅವರಿಗೆ ಅದು ಬರೀ ಚಿನ್ನ. ಬರೀ ಚಿನ್ನವನ್ನು ಯಾರಾದರೂ ಎರಡರಷ್ಟು ಚಿನ್ನಕ್ಕೆ ಕೊಡುತ್ತಾರೆ. ನಾನಾಗಿ ಹೋಗಬಾರದು, ಅವರೇ ಕರೆಯಲಿ ಎಂದು ಹಲ್ಲುಕಚ್ಚಿ ಕಾದೆ.

ಮೂರು ವಾರಕ್ಕೆ ಅಂಜಿ ಫೋನ್ ಮಾಡಿದ. "ಅಮ್ಮ ಬರೇಳ್ತು ಸಾರ್. ಬಿಲ್ಲೆ ವಿಚಾರ."

ಅವತ್ತು ನಾನು ಭೂತಗನ್ನಡಿ, ಹತ್ತಿ, ಮೆತ್ತನೆಯ ಬಟ್ಟೆ ಸುತ್ತಿದ ಡಬ್ಬಿ ಎಲ್ಲ ತೆಗೆದುಕೊಂಡು ಹೊರಟೆ. ಬಹಳ ಹಿಂದೆ ಬೆಸುಗೆ ಬಿಡಿಸುವ ದ್ರಾವಣದ ಬಗ್ಗೆ ಓದಿ ಬರೆದಿಟ್ಟುಕೊಂಡಿದ್ದ ಹಾಳೆಯನ್ನೂ ಜೇಬಿಗೆ ಹಾಕಿಕೊಂಡೆ. ದಾರಿಯುದ್ದಕ್ಕೂ ಎಫ್, ಎಫ್ ಎಂದುಕೊಳ್ಳುತ್ತಾ ಹೋದೆ. ಹಿಪ್ಪುನೇರಳೆ ತೋಟದ ತಿರುವಿನಲ್ಲಿ ಒಂದು ಸಲ ಜಿ ಆದರೂ ಪರವಾಗಿಲ್ಲ, ಗೊತ್ತಾದರೆ ಸಾಕು ಎಂದುಕೊಂಡೆ. ಅದು ಸುಳ್ಳು, ಜಿ ಆಗಿದ್ದರೆ ನಾನು ಕುಸಿದುಹೋಗುತ್ತಿದ್ದೆ.

ಎಲ್ಲಮ್ಮ ತಲೆಗೆ ನೀರು ಹಾಕಿಕೊಂಡು ಹೊಸ ಸೀರೆ ಉಟ್ಟಿದ್ದರು. ಮುಖ ಗೆಲುವಾಗಿತ್ತು. ನಾನು ಕೂತುಕೊಳ್ಳುವ ಮೊದಲೇ ಸೆರಗು ಸರಿಸಿ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು.

"ನೋಡಿ ಸಾಮಿ. ಈಗ ಬಂದ್ಲು ನಮ್ಮಕ್ಕ."

ಹೊಳೆಯುವ ಹೊಸ ಬಿಲ್ಲೆ. ಅದರ ಮೇಲೆ ಒರಟು ಕೆತ್ತನೆಯ ಒಬ್ಬ ಹೆಂಗಸು, ಕಚ್ಚೆ ಸೀರೆ, ಎಡಗೈಯಲ್ಲಿ ಕುಡುಗೋಲು. ನಕ್ಷತ್ರ ಇರಲಿಲ್ಲ.

"ಹಳೇದು?" ಎಂದೆ.

"ಅದನ್ನೇ ಕರಗ್ಸಿ ಮಾಡ್ಸಿದ್ದು. ಗಂಡಸ್ನ ಕೊರಳಾಗೆ ಎಷ್ಟು ದಿನ ಅಂತ ಇಟ್ಕಳ್ಳಲಿ?"

ಅಂಜಿ ನೆಲ ನೋಡುತ್ತಿದ್ದ. "ನಿಮಗೆ ಹೇಳಾನ ಅಂದೆ ಸಾರ್. ಬ್ಯಾರೆ ಚಿನ್ನ ಆದ್ರೆ ಆಗಲ್ಲ, ಐವತ್ತು ವರ್ಸ ಪೂಜೆ ಮಾಡಿದ್ ಚಿನ್ನದಾಗೇ ಅಕ್ಕ ಬರ್ಬೇಕು ಅಂತ ಅಮ್ಮ ಹಟ ಹಿಡೀತು. ಮಾಲೂರಿನ ನಾಗಲಿಂಗಾಚಾರಿ ಮಾಡ್ಕೊಟ್ರು."

ನಾನು ಅಂಗಳಕ್ಕೆ ಬಂದು ಅವನಿಂದ ನಂಬರ್ ಇಸಕೊಂಡು ಆಚಾರಿಗೆ ಫೋನ್ ಮಾಡಿದೆ. ಆಚಾರಿ ಸಾವಧಾನದ ಮನುಷ್ಯ. ಹೌದು, ಮೊದಲು ಕೊಂಡಿ ಬಿಡಿಸಿದೆ ಎಂದರು. ಹೌದು, ಅದರಡಿ ಅಕ್ಷರ ಇತ್ತು ಎಂದರು.

"ಯಾವ ಅಕ್ಷರ ಆಚಾರ್ರೇ? ಎಫ್ಫಾ, ಜಿಯಾ?"

"ಇಂಗ್ಲಿಷ್ ನಂಗೆ ಬರಲ್ಲ ಸಾರ್."

"ಆಕಾರ ಹೇಳಿ. ಕಡ್ಡಿ ಥರ ಇತ್ತಾ, ದುಂಡಗಿತ್ತಾ?"

ಅವರು ಯೋಚಿಸಿದರು. ಹಿಂದೆ ಅವರ ಅಂಗಡಿಯ ಫ್ಯಾನಿನ ಸದ್ದು ಕೇಳುತ್ತಿತ್ತು. "ಕಡ್ಡೀನೂ ಇತ್ತು, ಸ್ವಲ್ಪ ದುಂಡಗೂ ಇತ್ತು. ಬೆಸುಗೆ ಕಚ್ಕೊಂಡಿತ್ತಲ್ಲ, ಸರಿಯಾಗಿ ಕಾಣ್ಲಿಲ್ಲ. ಯಾಕೆ ಸಾರ್, ಏನಾದ್ರೂ ತೊಂದ್ರೆ ಆಯ್ತಾ?"

ಏನೂ ಇಲ್ಲ ಎಂದು ಫೋನ್ ಇಟ್ಟೆ. ಅಂಗಳದಲ್ಲಿ ನಿಂತುಕೊಂಡು ನನಗೆ ಅಳು ಬಂತು, ಕೋಪವೂ ಬಂತು. ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ಆರುನೂರ ಎಪ್ಪತ್ತು ವರ್ಷದ ನಾಣ್ಯವೋ, ನಾನೂರು ವರ್ಷದ್ದೋ, ಎರಡರಲ್ಲಿ ಯಾವುದು ಕರಗಿತು ಎಂಬುದೂ ನನಗೆ ಗೊತ್ತಾಗದ ಹಾಗಾಯಿತು. ಅತ್ತೆ ಕಟ್ಟಿದ ಸುಳ್ಳು ಅದನ್ನು ಐವತ್ತೊಂದು ವರ್ಷ ಕಾಪಾಡಿತ್ತು. ನಾನು ಬಾಯಿಬಿಟ್ಟು ಮೂರು ವಾರಕ್ಕೆ ಕರಗಿಸಿದೆ.

ಒಳಗೆ ಹೋಗದೆ ಹೊರಟುಬಿಡೋಣವೆಂದರೆ ಎಲ್ಲಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೋಗಿ ಕೂತೆ.

"ಆಚಾರಿ ಮುಖ ಹೆಂಗಿತ್ತು ಅಂತ ಕೇಳ್ದ," ಎಂದರು ಅವರು. "ನಾನೆಲ್ಲಿ ನೋಡಿದ್ನೀ? ಫೋಟೋ ಇಲ್ಲ, ಏನಿಲ್ಲ. ನಮ್ಮೆಜಮಾನ್ರನ್ನ ಕೇಳ್ದೆ. ಇಷ್ಟು ವರ್ಸದಲ್ಲಿ ಅವಳ ವಿಚಾರ ಒಂದು ಮಾತು ಕೇಳಿರ್ಲಿಲ್ಲ ನಾನು. ಅವರಿಗೂ ಮುಖ ಮರ್ತೋಗೈತೆ. ಆಮ್ಯಾಕೆ, ಎಡಗೈಲಿ ಕೊಯ್ತಿದ್ಲು ಅಂದ್ರು. ರಾಗಿ ಕೊಯ್ಯೋವಾಗ ಪಕ್ಕದೋರಿಗೆಲ್ಲ ಅಡ್ಡ ಬರ್ತಿದ್ಲಂತೆ. ಅಷ್ಟಂದು ಅತ್ಬಿಟ್ರು."

ಜಗಲಿಯ ಮೇಲೆ ವೆಂಕಟರಮಣಪ್ಪ ಎಲೆಯಡಿಕೆ ಕುಟ್ಟುತ್ತಲೇ ಇದ್ದರು. ಅವರಿಗೆ ಇದೆಲ್ಲ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

"ನೀವು ಹೇಳ್ದೆ ಇದ್ದಿದ್ರೆ ನಾನು ಸಾಯಗಂಟ ಯಾರ್ಗೋ ಕೈ ಮುಗೀತಿದ್ದೆ," ಎಂದರು ಎಲ್ಲಮ್ಮ. "ನಿಮ್ಮ ಋಣ ಐತೆ ಸಾಮಿ ನನ್ನ ಮ್ಯಾಲೆ."

ನಾನು ಕಾಫಿ ಕುಡಿದೆ. ಏನಾದರೂ ಹೇಳಲೇಬೇಕಾಗಿತ್ತು, ಚೆನ್ನಾಗಿದೆ ಎಂದೆ.

ಆಗ ಅವರು ಮಾಡಿದ್ದು ನೋಡಿ. ಯಾವುದನ್ನು ಐದು ತಿಂಗಳು ಕಾಡಿದರೂ ಮಾಡಲಿಲ್ಲವೋ ಅದನ್ನು ತಾವಾಗಿಯೇ ಮಾಡಿದರು. ಬಿಲ್ಲೆಯನ್ನು ದಾರದಿಂದ ಬಿಚ್ಚಿ, ಕಣ್ಣಿಗೊತ್ತಿಕೊಂಡು, ನನ್ನ ಅಂಗೈ ಮೇಲೆ ಬೋರಲಾಗಿ ಇಟ್ಟರು. ಹಿಂಬದಿ ನುಣ್ಣಗೆ ಬರಿದಾಗಿತ್ತು.

"ಉಸ್ರು ಕಟ್ಟಲ್ವಾ?" ಎಂದೆ. ಕುಹಕವಾಗಿಯೇ ಅಂದೆ.

"ಒಂದು ಗಳಿಗೆ ತಡ್ಕಂತಾಳೆ, ಅವಳ ಕೆಲ್ಸಕ್ಕೇ ಅಲ್ವಾ," ಎಂದರು ಅವರು. "ಇಲ್ಲಿ ಅವಳ ಹೆಸ್ರು ಬರ್ಸ್ಬೇಕು ಸಾಮಿ. ನಮ್ಮನೇಲಿ ಅಂಜಿ ಬರೆಯೋದು ಯಾರಿಗೂ ತಿಳಿಯಲ್ಲ. ನೀವು ಅಕ್ಸರ ನೋಡೋರು. ಚೀಟೀಲಿ ಸಣ್ಣಗೆ ಬರ್ಕೊಡಿ, ಆಚಾರಿ ಅದನ್ನೇ ನೋಡ್ಕೊಂಡು ಕೆತ್ತುತಾನೆ. ಹೆಸ್ರಿದ್ರೆ ಒಳ್ಳೇದು. ನನ್ನ ಮೊಮ್ಮಕ್ಕಳ ಕಾಲ್ದಾಗೆ ನಿಮ್ಮಂಥೋರು ಯಾರಾದ್ರೂ ಬಂದು, ಇದು ಅವಳಲ್ಲ, ಬ್ಯಾರೆ ಯಾರೋ ಅನ್ಬಾರ್ದಲ್ವಾ."

ನಾನು ದನದ ಔಷಧಿ ಬರೆಯುವ ಚೀಟಿಯ ಹಿಂಬದಿಯಲ್ಲಿ, ಬಿಲ್ಲೆಯ ಅಳತೆಗೆ ಒಂದು ವೃತ್ತ ಎಳೆದು, ಅದರೊಳಗೆ ಆದಿಲಕ್ಷ್ಮಿ ಎಂದು ಬರೆದೆ. ಎಲ್ಲಮ್ಮ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಅವರಿಗೆ ಓದಲು ಬರುವುದಿಲ್ಲ.

"ಇನ್ನೊಂಚೂರು ದಪ್ಪಕ್ಕೆ ಬರೀರಿ," ಎಂದು ವಾಪಸು ಕೊಟ್ಟರು. "ಸವ್ದೋಗ್ಬಾರ್ದು."

ನಾನು ಪೆನ್ನಿನ ಮೊನೆ ಒತ್ತಿ, ಅದೇ ಹೆಸರಿನ ಮೇಲೆ ಮತ್ತೆ ಬರೆದೆ.